ಆಯುಧಪೂಜೆಯ ಮುನ್ನಾದಿನ ಎಳೆದ ಗೆರೆ

ಪಾರ್ಕಿಂಗಿನ ಗೆರೆ ಎಂದರೆ ಜನರಿಗೆ ಕಾಲಕಸ. ಅದರ ಸಂಕಟ ಎಳೆದವನಿಗೇ ಗೊತ್ತು. ಗಲ್ಫಿನಲ್ಲಿ ಅದೇ ಕೆಲಸ ಮಾಡಿ ಬಂದವನು ನಾನು. ಈಗ ಬಲ್ಮಠದ ಅಂಗಡಿಗಳಿಂದ ಸುರತ್ಕಲ್ಲಿನ ಮದುವೆ ಹಾಲ್‌ಗಳವರೆಗೆ ನನ್ನ ಗೆರೆಗಳಿವೆ. ಮಳೆಗಾಲ ಕಳೆಯಿತೆಂದರೆ ಪಾಚಿ ಉಜ್ಜಿ, ಮಾಸಿದ್ದಕ್ಕೆಲ್ಲ ಮತ್ತೆ ಬಣ್ಣ ಕೊಡಬೇಕು. ಸುಣ್ಣದ ಪುಡಿ ಸವರಿದ ದಾರವನ್ನು ಬಿಗಿಯಾಗಿ ಹಿಡಿದು ಒಮ್ಮೆ ಮೀಟಿದರೆ ನೆಲದ ಮೇಲೆ ನೇರ ಗುರುತು ಬೀಳುತ್ತದೆ. ಅದನ್ನು ನೋಡಿದರೆ ಇಂದಿಗೂ ನನಗೆ ಖುಷಿ.

ದೇರೆಬೈಲಿನ ನಮ್ಮ ಫ್ಲ್ಯಾಟಿನ ಪಾರ್ಕಿಂಗಿಗೂ ನಾನೇ ಪೇಂಟರ್. ಕಳೆದ ವರ್ಷ ಅಲ್ಲಿ ಒಂದು ವಿಶೇಷ ಕೆಲಸವಿತ್ತು. ಎದುರುಮನೆಯ ಪೊರ್ಬುಗಳಿಗೆ, ನಮ್ಮಲ್ಲಿ ಕ್ರಿಶ್ಚಿಯನ್ ಹಿರಿಯರನ್ನು ಹಾಗೆಯೇ ಕರೆಯುವುದು, ಪಾರ್ಶ್ವವಾಯು ಬಡಿದು ಎಡಗಾಲು ಬಿದ್ದುಹೋಗಿತ್ತು. ಆಯುಧಪೂಜೆಯ ಸಂಜೆ ಆಸ್ಪತ್ರೆಯಿಂದ ಬರುವವರಿದ್ದರು. ವೀಲ್‌ಚೇರ್ ಬೇಡವೇ ಬೇಡವೆಂದು ಹಟ. "ನನ್ನ ಮನೆಗೆ ನಾನು ನಡೆದೇ ಬರ್ತೇನೆ ಮಾರಾಯ," ಎಂದಿದ್ದರು. ಹಾಗಾದರೆ ಕಾರಿನ ಬಾಗಿಲು ಪೂರ್ತಿ ತೆರೆಯಬೇಕು, ಅವರ ಹೆಂಡತಿ ಬಾಯಮ್ಮ ಹೆಗಲು ಕೊಟ್ಟು ನಿಲ್ಲಲು ಜಾಗ ಬೇಕು. ಪಕ್ಕದ ಕಾರಿನವರೋ ಸದಾ ಒತ್ತಿಕೊಂಡೇ ನಿಲ್ಲಿಸುವವರು. ಆದ್ದರಿಂದ ಎರಡು ಕಾರುಗಳ ನಡುವೆ ಹಳದಿ ಪಟ್ಟೆ ಬಳಿದು ಜಾಗ ಖಾಲಿ ಬಿಡಿಸುವುದೆಂದು ಎಲ್ಲರೂ ಸೇರಿ ತೀರ್ಮಾನಿಸಿದೆವು.

ಹಬ್ಬಕ್ಕೆ ಹೊಸದಾಗಿ ಕಾಣಲಿ ಎಂದು ಮುನ್ನಾದಿನ ಸಂಜೆ ಪೇಂಟ್ ಹೊಡೆದೆ. ಇಡೀ ಫ್ಲ್ಯಾಟಿನವರು ಇಳಿದು ಬಂದು ನೋಡಿ ತಲೆದೂಗಿದರು. ಒಬ್ಬರಿಗಾದರೂ ನೆನಪಾಗಬೇಡವೇ? ಆಯುಧಪೂಜೆಯ ಬೆಳಿಗ್ಗೆ ಮಂಗಳೂರಿನಲ್ಲಿ ಮೊದಲು ಆಗುವ ಕೆಲಸ ಗಾಡಿ ತೊಳೆಯುವುದು!

ನಾನು ಕೆಳಗಿಳಿಯುವಾಗ ಎಲ್ಲೆಲ್ಲೂ ಪೈಪು, ಬಕೆಟ್ಟು, ಸೋಪಿನ ನೊರೆ. ಮಳೆಯ ತೇವ ಬಿಡದ ಆ ನೆಲದಲ್ಲಿ ಪೇಂಟ್ ಆರಿರಲಿಲ್ಲ. ಪೊರಕೆ ತಾಗಿದಲ್ಲೆಲ್ಲ ಎದ್ದುಬಂದು, ಹಳದಿ ಹೆಜ್ಜೆಗಳು ಲಿಫ್ಟಿನವರೆಗೂ ಹೋಗಿದ್ದವು.

"ಅಯ್ಯೋ ದೇವೆರೆ! ನಿಮಗೆ ಕಣ್ಣು ಉಂಟಾ ಇಲ್ವಾ?" ಎಂದು ಕೂಗಿದೆ. ಕೋಪ ನನಗೆ ಮೂಗಿನ ತುದಿಯಲ್ಲೇ.

"ನಿನ್ನೆ ನಿಮಗೂ ನೆನಪಾಗ್ಲಿಲ್ಲ ಅಲ್ವಾ ಅಣ್ಣ?" ಎಂದು ಪಕ್ಕದ ಕಾರಿನ ಮನೆಯಾಕೆ ನಕ್ಕರು.

ಒದ್ದೆ ನೆಲಕ್ಕೆ ಮತ್ತೆ ಬಳಿಯುವಂತಿಲ್ಲ. ಪೂಜೆ ಮುಗಿದ ಮೇಲೆ ಎಲ್ಲರೂ ಲಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಒಂದು ಸುತ್ತು ಹೋಗಿ ಬರುತ್ತಾರೆ. ಬಂದು ಹಳೆಯ ಅಭ್ಯಾಸದಂತೆ ಒತ್ತಿಕೊಂಡೇ ನಿಲ್ಲಿಸುತ್ತಾರೆ. ಪೊರ್ಬುಗಳು ಕಾರಿನಿಂದ ಇಳಿಯುವುದಾದರೂ ಹೇಗೆ? ನನಗೆ ಅಳುವೇ ಬಂತು.

ಆ ಮನೆಯಾಕೆಯೇ ಮೇಲೆ ಹೋಗಿ ರಂಗೋಲಿ ಪುಡಿಯ ಡಬ್ಬಿ ತಂದರು. ನೆಲ ಒರೆಸಿದರು. "ನೀವು ದಾರ ಹಿಡೀರಿ. ಇವತ್ತು ರಂಗೋಲಿ ಮೇಲೆ ಯಾರು ಚಕ್ರ ಹತ್ತಿಸ್ತಾರೆ, ನೋಡುವ," ಎಂದರು. ನಾನು ದಾರ ಮೀಟಿದೆ. ತಮ್ಮ ಕಾರಿನ ಕಡೆಗೆ ಅವರು ಉದ್ದಕ್ಕೆ ಹೂಬಳ್ಳಿ ಬಿಡಿಸಿದರು, ಸ್ಕೂಟರುಗಳು ನುಗ್ಗದಂತೆ ಎದುರಿಗೂ ಅಡ್ಡಲಾಗಿ ಒಂದು ಎಳೆ. ಸಂಜೆಯವರೆಗೆ ಒಂದು ಟಯರೂ ಅದನ್ನು ಮುಟ್ಟಲಿಲ್ಲ. ಆಕೆಯ ಗಂಡ ಕಾರನ್ನು ಹಿಂದೆ ಮುಂದೆ ಮಾಡಿ, ಬೆವರಿ, ಅಂತೂ ಆಚೆಗೆ ಸರಿಸಿ ನಿಲ್ಲಿಸಿದರು.

ಪೊರ್ಬುಗಳ ಕಾರು ಬಂತು. ಬಾಗಿಲು ಪೂರ್ತಿ ತೆರೆಯಿತು. ಬಾಯಮ್ಮನ ಹೆಗಲು ಹಿಡಿದು ಎದ್ದು, ಎಡಗಾಲು ಎಳೆದುಕೊಂಡು ಎದುರಿನ ಎಳೆಯವರೆಗೆ ಬಂದವರು ಅಲ್ಲೇ ನಿಂತುಬಿಟ್ಟರು.

"ಬನ್ನಿ, ಅಳಿಸಿಹೋದ್ರೆ ಹೋಗ್ಲಿ," ಎಂದೆ.

"ಹಬ್ಬದ ರಂಗೋಲಿ ತುಳಿಯುವುದಾ? ಎಂತ ಮಾತಾಡ್ತಿ ಮಾರಾಯ!" ಎಂದು ನನ್ನನ್ನೇ ಗದರಿದರು.

ಬಾಯಮ್ಮನ ಹೆಗಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಆಸ್ಪತ್ರೆಯವರು ಎಷ್ಟು ಬೇಡಿಕೊಂಡರೂ ನೆಲ ಬಿಡದ ಆ ಕಾಲು ನಡುಗುತ್ತ ಮೇಲೆದ್ದು, ಗೆರೆ ದಾಟಿ, ಆಚೆ ಇಳಿಯಿತು.

"ಎತ್ತಿದ್ರು! ನೋಡಿ, ಕಾಲು ಎತ್ತಿದ್ರು!" ಎಂದು ಬಾಯಮ್ಮ ಕೂಗಿಕೊಂಡರು.