ಮಗ್ಗದ ಗುಂಡಿಯ ಮೇಲಿನ ನೆಲ

ನಮ್ಮ ನಡುಮನೆಯ ಕಡಪ ಕಲ್ಲಿನ ಸಂದುಗಳಿಗೆ ನಾನು ಬಿಳಿ ಸಿಮೆಂಟು ಮೆತ್ತಿದ್ದು ಅದೆಷ್ಟು ಸಲವೋ. ಹಳೇ ಪುಡಿಯನ್ನು ಮೊಳೆಯಲ್ಲಿ ಕೆರೆದು ತೆಗೆಯಬೇಕು, ದೂಳು ಗುಡಿಸಿ ನೀರು ಚಿಮುಕಿಸಬೇಕು, ಕಲಸಿದ ಸಿಮೆಂಟನ್ನು ಹೆಬ್ಬೆರಳಲ್ಲಿ ಒತ್ತಬೇಕು. ತಿಂಗಳೊಳಗೆ ಮತ್ತೆ ಬಿರುಕು, ಮತ್ತೆ ಇರುವೆ. ಅದೂ ಕಿಟಕಿಯ ಪಕ್ಕ, ಸೋಫಾದ ಮುಂದೆ ಮಾತ್ರ. ಉಳಿದ ಕಡೆ ಎಲ್ಲ ಗಟ್ಟಿ. "ಎಲ್ಲಾ ನಿನ್ ಕೈಗುಣ ಕಣಮ್ಮಿ" ಎಂದು ನಮ್ಮ ಯಜಮಾನರು ನಗುತ್ತಿದ್ದರು.

ಆ ಜಾಗದಲ್ಲಿ ಮೊದಲು ನನ್ನ ಮಗ್ಗವಿತ್ತು. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಎಷ್ಟೋ ಮನೆಗಳಲ್ಲಿದ್ದ ಹಾಗೆ ಗುಂಡಿ ಮಗ್ಗ. ನೆಲ ತೋಡಿದ ಗುಂಡಿಯ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು ಹಲಗೆ ತುಳಿಯುತ್ತ ರೇಷ್ಮೆ ಸೀರೆ ನೇಯುವುದು. ಅವ್ವ ನೇಯುತ್ತಿದ್ದ ಮಗ್ಗ, ಅವಳ ತರುವಾಯ ನನಗೆ ಬಂತು. ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ, ನಡುಮನೆಯಲ್ಲಿ ಗುಂಡಿ ಇದ್ದರೆ ಚೆಂದವಲ್ಲ ಎಂದು ಯಜಮಾನರು ಹಟ ಹಿಡಿದರು. "ಮದ್ವೆ ಆದ್ಮೇಲೆ ಇತ್ಲಲ್ಲಿ ಶೀಟ್ ಆಕ್ಸಿ ಮಗ್ಗ ಊಡ್ಕೊಡ್ತೀನಿ. ಅಲ್ಲೀಗಂಟ ಅಗರದಲ್ಲಿ ನಮ್ಮಣ್ಣನ ಮನೆ ಅಟ್ಟದಲ್ಲಿರ್ಲಿ" ಎಂದರು. ನಾನು ಹನೂರಿನ ತಂಗಿಯ ಮನೆಗೆ ಹೋಗಿ ಬರುವಷ್ಟರಲ್ಲಿ ಕಲ್ಲು ಹಾಸಿ ಆಗಿತ್ತು.

ಮದುವೆ ಆಯಿತು, ಮೊಮ್ಮಗನೂ ಹುಟ್ಟಿದ. ಮಗ್ಗ ಬರಲಿಲ್ಲ. ಒಂದು ಸಲ ಲಗೇಜ್ ಆಟೋ ಸಿಗಲಿಲ್ಲ, ಇನ್ನೊಂದು ಸಲ ಅವರಣ್ಣನಿಗೆ ಪುರುಸೊತ್ತಿಲ್ಲ. ಆಯುಧಪೂಜೆಯ ದಿನ ಬೈಕಿಗೆ ಹೂ ಹಾಕುತ್ತಿದ್ದವರನ್ನು "ಮಗ್ಗಕ್ಕೆ?" ಎಂದು ಕೇಳಿದೆ. "ಅಗರದಲ್ಲಿ ಅತ್ಗೆ ಮಾಡ್ತರೆ ಬುಡು, ಅರಿಸ್ನ ಕುಂಕ್ಮ ಎಲ್ಲಾ ಇಕ್ಕಿ" ಎಂದರು. ಆ ಓರಗಿತ್ತಿಗೂ ನನಗೂ ಮಾತಿಲ್ಲ, ನಾನು ಹೋಗಿ ವಿಚಾರಿಸುವವಳಲ್ಲ, ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮುಖ ನೋಡಿಯೇ ಹೇಳಿದರಲ್ಲ, ನಂಬದೆ ಏನು ಮಾಡಲಿ? ಪಕ್ಕದ ಮನೆಯವರ ಮಗ್ಗಕ್ಕೆ ನೂಲು ಸುತ್ತಿಕೊಡುತ್ತ ಕಾದೆ.

ಹೋದ ತಿಂಗಳು ಅಲ್ಲಿ ಒಂದು ಕಲ್ಲೇ ತಗ್ಗಿತು. ಯಜಮಾನರು ಮನೆಯಲ್ಲಿರಲಿಲ್ಲ. ನಮ್ಮ ಬೀದಿಯಲ್ಲೇ ಕೆಲಸ ಮಾಡುತ್ತಿದ್ದ ಮಾರ್ಟಳ್ಳಿಯ ಗಾರೆಯವರನ್ನು ನಾನೇ ಕರೆದೆ. ಅವರು ಕಲ್ಲು ತಟ್ಟಿ ನೋಡಿ, "ಅಕ್ಕಾ, ಸಂದಿಗೆ ಎಷ್ಟ್ ಮೆತ್ತುದ್ರೂ ನಿಲ್ಲಲ್ಲ. ತಳ ಕುಸ್ದದೆ. ಕಲ್ಲೆತ್ತಿ ತುಂಬ್ಬೇಕು" ಎಂದರು. ಎತ್ತಿಸಿದೆ.

ಮರಳಿನ ಕೆಳಗೆ ಗೆದ್ದಲು ತಿಂದ ಮರದ ತುಂಡುಗಳು. ಗರಗಸದಲ್ಲಿ ಕೊಯ್ದು ಅಡ್ಡಾದಿಡ್ಡಿ ತುಂಬಿದ್ದರು. "ಯಾರೋ ಸೌದೆ ಆಕವ್ರೆ ನೋಡಿ, ಇದು ಪುಡಿ ಆದಂಗೆಲ್ಲ ಕಲ್ಲು ಇಳ್ದದೆ" ಎಂದು ಗಾರೆಯವರು ಒಂದು ತುಂಡನ್ನು ಈಚೆಗೆ ಹಾಕಿದರು. ಕಾಲಲ್ಲಿ ತುಳಿಯುವ ಹಲಗೆ. ಅವ್ವನ ಪಾದವೂ ನನ್ನ ಪಾದವೂ ಸವೆಸಿದ ತಗ್ಗು ಹಾಗೇ ಇತ್ತು. ಅಗರದಲ್ಲಿ ಇದಕ್ಕೇನಾ ಅರಿಶಿನ ಕುಂಕುಮ ಇಟ್ಟಿದ್ದು?

ಅಷ್ಟರಲ್ಲಿ ಯಜಮಾನರು ಬಂದರು. "ಯಾಕ್ ಸುಳ್ಳೇಳುದ್ರಿ?" ಎಂದೆ.

"ನಿಜ ಏಳಿದ್ರೆ ಮಗ್ಗ ಒಡ್ಯಕ್ಕೆ ಬುಡ್ತಿದ್ದಾ ನೀನು?" ಎಂದರು, ತಪ್ಪೆಲ್ಲ ನನ್ನದೇ ಎನ್ನುವಂತೆ. ಗಾರೆಯವರ ಕಡೆ ತಿರುಗಿ, "ಅವ್ನೆಲ್ಲ ತಗ್ದು ಎಸ್ದ್ಬುಡಪ್ಪ. ಈ ಸಲ ಜಲ್ಲಿ ಆಕಿ ಬದ್ರವಾಗಿ ಮುಚ್ಚು" ಎಂದರು.

ಸಂಜೆಯೊಳಗೆ ಮುಚ್ಚಿ, ಸಂದು ತುಂಬಿ, ಹೊಸ ಸಿಮೆಂಟು ಬಿರುಕು ಬಿಡದಂತೆ ಆಗಾಗ ನೀರು ಹಾಕುತ್ತಿರಬೇಕೆಂದು ಹೇಳಿ ಗಾರೆಯವರು ಹೊರಟರು. ಯಜಮಾನರು ಚೊಂಬು ತಂದು ನನ್ನ ಮುಂದಿಟ್ಟರು. "ನೀವೇ ಉಯ್ಕಳಿ, ಮುಚ್ಚಿಸ್ದೋರು ನೀವಲ್ವಾ" ಎಂದೆ. ಮಂಡಿ ಮಡಿಸಲಾರದ ಮನುಷ್ಯ, ಸೋಫಾ ಹಿಡಿದುಕೊಂಡು ಬಗ್ಗಿ ಬಗ್ಗಿ ಒಂದೊಂದೇ ಸಂದಿಗೆ ನೀರು ಹುಯ್ದರು. ನಾನು ನೋಡುತ್ತ ನಿಂತಿದ್ದೆ. ಅಯ್ಯೋ ಅನ್ನಿಸಲಿಲ್ಲ.