ನಾಬಿನೊಳಗಿನ ಕುಂಕುಮ

ಬಲಗೈಯ ಕಿರುಬೆರಳಿನ ಉಗುರನ್ನು ಅವರು ಅರ್ಧ ಇಂಚು ಬೆಳೆಸಿ ಮದರಂಗಿ ಹಚ್ಚುತ್ತಿದ್ದರು. ಕೀಬೋರ್ಡ್ ನುಡಿಸುವಾಗ ಆ ಬೆರಳು ಕೆಲಸಕ್ಕೇ ಬರುತ್ತಿರಲಿಲ್ಲ; ಇನ್ನೊಬ್ಬರ ತಪ್ಪು ತೋರಿಸಲು ಮಾತ್ರ ಮೇಲೇಳುತ್ತಿತ್ತು. ಗದಗಿನಲ್ಲಿ ಆರ್ಕೆಸ್ಟ್ರಾ ಕಟ್ಟಿದ್ದ ಅವರನ್ನು ಎಲ್ಲರೂ ಮಾಸ್ತರ ಎನ್ನುತ್ತಿದ್ದರು. ನಾಲಿಗೆಗೆ ಖರ್ಚಿಲ್ಲವೆಂದು ನಾನೂ ಎಂದೆ.

ಏಳನೇ ಇಯತ್ತೆಗೆ ಶಾಲೆ ಬಿಟ್ಟ ನಾನು ಬೆಟಗೇರಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದೆ. ಎಂಬತ್ತರ ದಶಕದಲ್ಲಿ ಅವರಿಗೊಂದು ಮಿಕ್ಸರ್ ಪೆಟ್ಟಿಗೆ ಮಾಡಿಕೊಟ್ಟೆ. ಹಾಡುವವರ ದನಿ, ಢೋಲಕ್, ಕೀಬೋರ್ಡ್, ಒಂದೊಂದನ್ನೂ ಏರಿಸಿ ಇಳಿಸಲು ತಿರುಗಿಸುವ ಒಂದೊಂದು ನಾಬು. ಕೈಗೆ ಸಲೀಸೆಂದು ಹಾಡುವವರದನ್ನು ನಡುವೆ ಇಟ್ಟಿದ್ದೆ.

"ಹಾಡಾವರನ್ನ ಮೂಲಿಗೆ ಹಾಕಲೇ. ನನ್ನ ಕೀಬೋರ್ಡಿಂದು ನಡುವ ಬರಬೇಕು. ಎಲ್ಲಾದಕ್ಕಿಂತ ದೊಡ್ಡ ನಾಬು ಇರಬೇಕು."

"ನಾಬು ದೊಡ್ಡದಾದ್ರ ದನಿ ದೊಡ್ಡದಾಗೂದಿಲ್ರಿ ಮಾಸ್ತರ."

"ಸಾಲಿ ಬಿಟ್ಟಾಂವ ನೀ, ನನಗ ಕಲಸ್ತೀಯೇನು?"

ಬಿಚ್ಚಿ, ಬದಲಿಸಿ ಕೊಟ್ಟೆ.

ಖಂಡೇನವಮಿ ಬಂತು. ಆಯುಧಪೂಜೆಯಲ್ಲಿ ಮಾಸ್ತರರು ಒಂದೊಂದು ನಾಬಿನ ಮೇಲೂ ಚಿಮಟಿ ಚಿಮಟಿ ಕುಂಕುಮ ಉದುರಿಸಿದರು. ಮರುದಿನ ಲಕ್ಷ್ಮೇಶ್ವರದಲ್ಲಿ ಕಾಳಿನ ವ್ಯಾಪಾರಿಯೊಬ್ಬರ ಹೊಸ ಅಂಗಡಿಯ ಮುಂದೆ ಕಾರ್ಯಕ್ರಮ. ನಾಬು ಮುಟ್ಟಿದರೆ ಸಾಕು, ಕರಕರ ಸದ್ದು. ಮಾಸ್ತರರು ತುಂಬಿದ ಮಂದಿಗೆ ಮೈಕಿನಲ್ಲೇ ಹೇಳಿದರು: "ಬೆಟಗೇರಿ ರಿಪೇರಿಯಾಂವ ಕಳಪಿ ಮಾಲು ಹಾಕ್ಯಾನ್ರಿ, ನಮ್ಮ ತಪ್ಪಿಲ್ಲ."

ಆ ಮಾತು ಬೆಟಗೇರಿಗೂ ಮುಟ್ಟಿ, ವಾರದೊಳಗೆ ಗಿರಾಕಿಗಳು ರಿಪೇರಿಗೆ ಬಿಟ್ಟಿದ್ದ ರೇಡಿಯೋಗಳನ್ನು ಹಾಗೇ ಎತ್ತಿಕೊಂಡು ಹೋದರು. ನನಗಿದ್ದದ್ದು ಕೈಕೆಲಸದ ಹೆಸರೊಂದೇ.

ಸ್ಕ್ರೂಡ್ರೈವರ್ ಹಿಡಿದು ಅವರ ತಾಲೀಮಿಗೇ ಹೋದೆ. ಎಲ್ಲರೆದುರು ನಾಬು ಕಿತ್ತು, ಪೆಟ್ಟಿಗೆ ಬಿಚ್ಚಿ, ಪೇಪರಿನ ಮೇಲೆ ಕೊಡವಿದೆ. ಕೆಂಪಗೆ ಉದುರಿತು.

ಢೋಲಕಿನವನು ನಕ್ಕುಬಿಟ್ಟ. "ಮಾಸ್ತರ, ಮನ್ಯಾನ ಕುಂಕಮದ ಭರಣಿ ಇದರಾಗ ಹೊಯ್ದೀರೇನ್ರಿ?"

ಉಗುರು ನನ್ನತ್ತ ಎದ್ದಿತು. "ದೇವರ ಕುಂಕಮಕ್ಕ ದ್ವಾಷ ಹಚ್ಚತೀಯೇನಲೇ?"

"ದೇವರಿಗಲ್ರಿ, ನಿಮಗ."

ಮೈಕಿನಲ್ಲಿ ಕೂಗಿ ಆಡಿದ್ದನ್ನು ಆ ಮನುಷ್ಯ ಪಿಸುಮಾತಿನಲ್ಲಾದರೂ ಹಿಂತೆಗೆದುಕೊಳ್ಳಲಿಲ್ಲ. ಅಷ್ಟು ದೊಡ್ಡ ನಾಬು ಬೇಡಿದವರಿಗೆ ಅಷ್ಟೂ ಗುಂಡಿಗೆಯಿರಲಿಲ್ಲ.

ಮಾಸ್ತರರು ತೀರಿಕೊಂಡಾಗ ಮಣ್ಣಿಗೆ ಹೋಗಿದ್ದೆ. ಕಣ್ಣು ಒದ್ದೆಯಾಗಲಿಲ್ಲ. ಆದರೆ ತಾಲೀಮಿನ ಆ ದಿನದಿಂದ ಇಂದಿನವರೆಗೆ, ಗಿರಾಕಿಯನ್ನು ಎದುರಿಗೆ ಕೂರಿಸಿಕೊಳ್ಳದೆ ನಾನು ಯಾವ ಪೆಟ್ಟಿಗೆಯನ್ನೂ ಬಿಚ್ಚಿಲ್ಲ. ಒಳಗೆ ಸಿಕ್ಕಿದ್ದನ್ನು ಅವರ ಅಂಗೈಗೇ ಹಾಕುತ್ತೇನೆ. ಹೋದ ಗಿರಾಕಿಗಳು ಅದರಿಂದಲೇ ತಿರುಗಿ ಬಂದರು. ಈ ರೂಢಿ ಹಚ್ಚಿದ ಅಂಥ ಮಾಸ್ತರರ ಋಣದಲ್ಲಿರುವುದು ನನಗೆ ನಾಚಿಕೆಯ ವಿಷಯ; ಆದರೂ ಇದ್ದೇನೆ.