ವಾಚು ಬಿಗಿಯಾಯಿತು, ಉಪ್ಪು ಬಂದ್!

"ಯಾವ ಕೈ ದಪ್ಪ ಉಂಟು ನೋಡು."

ಬೆಳಗಿನ ತಿಂಡಿಯ ಹೊತ್ತು. ನನ್ನ ಗಂಡ ರೋನಿ ಎರಡೂ ಕೈಗಳನ್ನು ಮೇಜಿನ ಮೇಲೆ ಜೋಡಿಸಿಟ್ಟಿದ್ದರು, ಮಾರ್ಕೆಟಿನಲ್ಲಿ ಬಂಗುಡೆ ಇಟ್ಟ ಹಾಗೆ. ಮದುವೆಯಾದಂದಿನಿಂದ ನೋಡುತ್ತಿರುವ ಕೈಗಳು. ಯಾವುದು ದಪ್ಪ, ಯಾವುದು ಸಪೂರ ಎಂದು ಯಾರು ಅಳೆದಿದ್ದಾರೆ?

"ಎರಡೂ ಒಂದೇ."

"ಅಲ್ಲ. ಎಡಗೈ ಬಾತಿದೆ. ವಾಚು ಕಚ್ಚಿ ಹಿಡಿಯುತ್ತದೆ."

ಅಲ್ಲಿಗೆ ಮನೆಯ ನೆಮ್ಮದಿ ಮುಗಿಯಿತು.

ವಾಚಿನ ಕತೆ ಸ್ವಲ್ಪ ಹೇಳಬೇಕು. ರೋನಿ ಮತ್ತು ನನ್ನ ತಮ್ಮ ಲೆಸ್ಲಿ ಮಸ್ಕತ್ತಿನಲ್ಲಿ ಒಂದೇ ರೂಮಿನಲ್ಲಿದ್ದವರು. ಊರಿಗೆ ಮರಳುವಾಗ ಇಬ್ಬರೂ ಒಂದೇ ಅಂಗಡಿಯಲ್ಲಿ ಒಂದೇ ಮಾಡೆಲ್ ವಾಚು ಕೊಂಡರು. ಸ್ಟೀಲ್ ಚೈನಿನದ್ದು. (ಹೆಂಡತಿಯರಿಗೆ ಮಾತ್ರ ಬೇರೆ ಬೇರೆ ಸೀರೆ. ಅದರಲ್ಲೂ ಲೆಸ್ಲಿಯ ಹೆಂಡತಿ ಗ್ಲಾಡಿಸಳದ್ದೇ ಚೆಂದ. ಇರಲಿ.) ಲೆಸ್ಲಿ ತನ್ನದನ್ನು ಬಾಕ್ಸಿನಲ್ಲಿಟ್ಟು ಮದುವೆ-ಮುಂಜಿಗೆ ಮಾತ್ರ ತೆಗೆಯುತ್ತಾನೆ. ಸಂತೆಕಟ್ಟೆಯಲ್ಲಿ ಗ್ಯಾರೇಜು ಇಟ್ಟಿರುವ ರೋನಿ ತಮ್ಮದನ್ನು ಬಿಚ್ಚುವುದೇ ಇಲ್ಲ. ಗ್ರೀಸಿನಲ್ಲೂ ಅದೇ, ಸ್ನಾನದಲ್ಲೂ ಅದೇ.

ರೋನಿ ಫೋನಿನಲ್ಲಿ 'ಕೈ ಬಾವು' ಎಂದು ಹುಡುಕಿದರು. ಫೋನು ಕಿಡ್ನಿಯಿಂದ ಶುರುಮಾಡಿ ಹೃದಯಕ್ಕೆ ಬಂದು ನಿಂತಿತು. ಅವತ್ತೇ ಉಪ್ಪು ಬಂದ್. ಒಣಮೀನು ಬಂದ್. ಉಪ್ಪಿನಕಾಯಿ ಭರಣಿ ಅಟ್ಟಕ್ಕೆ.

ನಾನು ನಕ್ಕೆ. ಆಮೇಲೆ ಅವರ ಮಣಿಕಟ್ಟಿನಲ್ಲಿ ಚೈನಿನ ಗುರುತು ಕೆಂಪಗೆ ಬಿದ್ದದ್ದು ಕಂಡು ನಗು ನಿಂತಿತು. ನಿಜವಾಗಿ ಏನಾದರೂ ಆಗಿದ್ದರೆ? ಸೌಟು ಕೈಯಲ್ಲಿ ಹಿಡಿದುಕೊಂಡೇ ಅಂಗಳಕ್ಕೆ ಹೋಗಿ ನಿಂತೆ.

ಮರುದಿನ ಖಾಲಿ ಹೊಟ್ಟೆಯಲ್ಲಿ ಮಣಿಪಾಲದ ಒಂದು ಲ್ಯಾಬಿಗೆ ಹೊರಟೆವು. ಯಾರಿಗೂ ಹೇಳಬಾರದೆಂದು ರೋನಿಯ ಕಟ್ಟಪ್ಪಣೆ. ಮುಖ್ಯವಾಗಿ ಲೆಸ್ಲಿಗೆ.

ಒಳಗೆ ಹೋದರೆ ಮೊದಲ ಕುರ್ಚಿಯಲ್ಲೇ ಲೆಸ್ಲಿ! ಪಕ್ಕದಲ್ಲಿ ಗ್ಲಾಡಿಸ್.

"ಬಾವ, ಇಲ್ಲಿ ಎಂತ?"

"ಹೀಗೇ. ಒಬ್ಬರನ್ನು ನೋಡಲಿಕ್ಕೆ. ನೀನು?"

"ನಾನೂ ಹೀಗೇ."

ರಕ್ತಪರೀಕ್ಷೆಯ ಲ್ಯಾಬಿಗೆ 'ಹೀಗೇ' ಬರುವವರು ಯಾರಾದರೂ ಇದ್ದಾರಾ?

ಗ್ಲಾಡಿಸ್ ನನ್ನನ್ನು ಮೂಲೆಗೆ ಎಳೆದಳು. ಕಣ್ಣು ತುಂಬಿತ್ತು. "ಅಕ್ಕ, ಇವರು ಕರಗಿ ಹೋಗ್ತಾ ಇದ್ದಾರೆ. ಮೊನ್ನೆ ಮಗಳ ಮದುವೆಗೆ ತೆಗೆದ ವಾಚು ದಿನಾ ಹಾಕಿ ನೋಡ್ತಾರೆ, ಮೊಣಕೈವರೆಗೆ ಜಾರ್ತದೆ. ಶುಗರ್ ಅಂತ ನನಗೆ ಹೆದರಿಕೆ. ಅಜೆಕಾರಿನ ನಮ್ಮ ಮನೆಯಿಂದ ಊರಕೋಳಿ ತರಿಸಿ ದಿನಾ ಸೂಪು ಕೊಡ್ತಾ ಇದ್ದೇನೆ."

ನಾನು ತಮ್ಮನ ಕಡೆ ತಿರುಗಿದೆ. ಕೆನ್ನೆ ಹೊಳೆಯುತ್ತಿತ್ತು. ಶರ್ಟಿನ ಗುಂಡಿ ಈಗಲೋ ಆಗಲೋ ಎನ್ನುತ್ತಿತ್ತು. ಇವನು ಕರಗುವವನಾ?

ಅಷ್ಟರಲ್ಲಿ ಲೆಸ್ಲಿ ಗಂಟೆ ನೋಡಲು ಕೈ ಎತ್ತಿದ. ವಾಚು ಜರ್ರನೆ ಕೆಳಗೆ ಜಾರಿತು. ರೋನಿ ಕುರ್ಚಿಯಿಂದ ಎದ್ದರು.

"ಏ ಮಾರಾಯ, ಚೈನಿನಲ್ಲಿ ಆ ಹಸಿರು ಎಂತದು?"

"ಯಾವ ಹಸಿರು?"

"ಅದು ನಾನು ನಮ್ಮ ಗೇಟಿಗೆ ಬಳಿದ ಪೇಂಟು!"

ಎಲ್ಲರೂ ಚೈನಿನ ಮೇಲೆ ಬಗ್ಗಿದೆವು. ಆಮೇಲೆ ನಾಲ್ವರಿಗೂ ಒಟ್ಟಿಗೆ ಹೊಳೆಯಿತು. ಲೆಸ್ಲಿಯ ಮಗಳ ರೋಸ್! ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ, ಕೆಮ್ಮಣ್ಣಿನ ಅವನ ಮನೆಯಲ್ಲಿ. ಹಾಲು ತಾಗಬಾರದೆಂದು ನಾವು ಹೆಂಗಸರು ಬೈದದ್ದಕ್ಕೆ ಇಬ್ಬರೂ ವಾಚು ಬಿಚ್ಚಿ ಒಂದೇ ಕಿಟಕಿಯಲ್ಲಿ ಇಟ್ಟಿದ್ದರು. ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡಿದ್ದರು.

"ಅಷ್ಟು ಹೊಳೆಯುವ ವಾಚು ನೋಡಿಯೂ ಡೌಟ್ ಬರಲಿಲ್ಲವಾ?" ಎಂದು ಗಂಡನನ್ನು ಕೇಳಿದೆ.

"ತೆಂಗಿನ ಹಾಲಿಗೆ ಪಾಲಿಶ್ ಆಗಿದೆ ಅಂತ ಮಾಡಿದೆ."

ಗ್ಲಾಡಿಸ್ ನಗುತ್ತಾ ನೆಲದಲ್ಲೇ ಕೂತಳು. ಕೌಂಟರಿನ ಹುಡುಗಿ ಶ್ ಎಂದಳು. ನನಗೆ ನಗು ಯಾವುದು, ಅಳು ಯಾವುದು ಗೊತ್ತಾಗಲಿಲ್ಲ. ಗಂಡನ ಕೈ ಬಾತಿಲ್ಲ. ತಮ್ಮ ಕರಗುತ್ತಿಲ್ಲ. ಬೆಳಿಗ್ಗೆ ಬೆಳಿಗ್ಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಾ?

ರೋನಿ ಎರಡೂ ವಾಚುಗಳನ್ನು ಅಡ್ಡಡ್ಡ ಹಿಡಿದು ತೋರಿಸಿದರು. ಬಾಕ್ಸಿನಲ್ಲಿದ್ದದ್ದರ ಚೈನು ನೆಟ್ಟಗೆ ನಿಂತಿತು. ಇವರದ್ದು ಬಸಳೆ ಬಳ್ಳಿಯ ಹಾಗೆ ಬಾಗಿತು.

"ಸೈಕಲ್ ಚೈನಿನ ಹಾಗೆಯೇ ಇದು. ಬೆವರು, ಧೂಳು ಒಳಗೆ ಹೋಗಿ ಪಿನ್ನು ಸವೆಯುತ್ತದೆ, ತೂತು ದೊಡ್ಡದಾಗುತ್ತದೆ. ಒಂದೊಂದು ಕೊಂಡಿಯಲ್ಲಿ ಕೂದಲೆಳೆಯಷ್ಟು. ಎಲ್ಲ ಸೇರಿದರೆ ಒಳಗೆ ಒಂದು ಬೆರಳು ತೂರುವಷ್ಟು ಸಡಿಲ ಆಗ್ತದೆ."

ಇಷ್ಟೆಲ್ಲ ಗೊತ್ತಿದ್ದ ಮೆಕ್ಯಾನಿಕ್ಕಿಗೆ ತನ್ನದೇ ವಾಚು ಸಡಿಲವಾದದ್ದು ಗೊತ್ತಾಗಲಿಲ್ಲ! ಆದರೆ ನಗುವುದು ಹೇಗೆ? ನಿಧಾನಕ್ಕೆ ಆಗುವುದು ಯಾರಿಗೆ ತಿಳಿಯುತ್ತದೆ? ನಮ್ಮ ಫ್ಯಾನು ಕಿರುಗುಟ್ಟುತ್ತದೆ ಎಂದು ನನಗೆ ಹೇಳಿದ್ದು ಕಾಪುವಿನಿಂದ ಬಂದ ನೆಂಟರು.

ವಾಚುಗಳು ಅದಲುಬದಲಾದವು. "ಇನ್ನೆಂತ, ಮಸಾಲೆದೋಸೆ ತಿನ್ನುವ," ಎಂದು ಗಂಡಸರಿಬ್ಬರೂ ಬಾಗಿಲ ಕಡೆ ಹೊರಟರು.

ನಾನು ಗ್ಲಾಡಿಸಳ ಮುಖ ನೋಡಿದೆ. ಒಂದು ಬ್ಲಡ್ ಟೆಸ್ಟ್ ಮಾಡಿಸಿ ಎಂದು ನಾವು ಎಷ್ಟು ವರ್ಷದಿಂದ ಹೇಳುತ್ತಿದ್ದೇವೆ! ಮಳೆ ಮುಗಿಯಲಿ, ಕ್ರಿಸ್ಮಸ್ ಕಳೆಯಲಿ, ಹೊಟ್ಟೆ ತುಂಬಿದೆ, ಟೈಮಿಲ್ಲ. ಈಗ ಲ್ಯಾಬಿನೊಳಗೇ ಇದ್ದಾರೆ, ಅದೂ ಖಾಲಿ ಹೊಟ್ಟೆಯಲ್ಲಿ. ಬಿಡುವುದುಂಟಾ?

"ಕೂತ್ಕೊಳ್ಳಿ," ಎಂದೆವು ಇಬ್ಬರೂ, ಒಂದೇ ಸ್ವರದಲ್ಲಿ.

ಕೂತರು. ರಕ್ತ ಕೊಟ್ಟರು. ದೋಸೆ ಆಮೇಲೆ.

ರಿಪೋರ್ಟಿನಲ್ಲಿ ಲೆಸ್ಲಿ ಪಾಸು, ಸೂಪಿನ ತೂಕ ಒಂದು ಬಿಟ್ಟರೆ. ರೋನಿಯ ಶುಗರ್ ಗೆರೆ ದಾಟಲು ಒಂದು ಕಾಲು ಎತ್ತಿ ನಿಂತಿತ್ತು. ಬೇಗ ಗೊತ್ತಾದದ್ದು ಒಳ್ಳೆಯದಾಯಿತು, ಅನ್ನ ಕಡಿಮೆ ಮಾಡಿ, ದಿನಾ ನಡೆಯಿರಿ ಎಂದರು ಡಾಕ್ಟರು. ರೋನಿ ನಡೆಯುತ್ತಿದ್ದಾರೆ. ದಾರಿಯಲ್ಲಿ ಸಿಕ್ಕವರಿಗೆಲ್ಲ ಕೈ ಎತ್ತಿ ತೋರಿಸಿ, "ನನ್ನನ್ನು ಉಳಿಸಿದ್ದು ಈ ವಾಚು" ಎನ್ನುತ್ತಿದ್ದಾರೆ.

ನೀವೇ ಹೇಳಿ, ಇಷ್ಟು ವರ್ಷ ಇವರ ಕಿವಿಯ ಹತ್ತಿರ ಬಿಡದೆ ಟಿಕ್ ಟಿಕ್ ಅಂದದ್ದು ವಾಚಾ, ನಾನಾ?